ಪುಟ ೨೧೨ಕ್ಕೆ ಒಂದು ತಿದ್ದುಪಡಿ

೧

ಎಲ್ಲಿಂದ ಶುರು ಮಾಡಲಿ? ಕುದುರೆಯಿಂದಲೋ, ಬಾಗಿಲಿನಿಂದಲೋ, ಶುಕ್ರವಾರದಿಂದಲೋ?

ಕುದುರೆಯಿಂದ ಶುರು ಮಾಡಿದರೆ ನೀವು ಯುದ್ಧದ ಕಥೆಯೆಂದು ಕಾಲು ಚಾಚಿ ಕೂರುತ್ತೀರಿ, ಆಮೇಲೆ ನನ್ನನ್ನು ಬೈಯುತ್ತೀರಿ. ಬಾಗಿಲಿನಿಂದ ಶುರು ಮಾಡಿದರೆ ಪತ್ತೇದಾರಿ ಕಥೆ ಅಂದುಕೊಳ್ಳುತ್ತೀರಿ. ಶುಕ್ರವಾರದಿಂದ ಶುರು ಮಾಡುವುದೇ ನ್ಯಾಯ, ಆದರೆ ಅದು ಯಾವ ಹೊತ್ತಿಗೆ ಶುರುವಾಗುತ್ತದೆ ಎನ್ನುವುದೇ ಇಲ್ಲಿನ ಜಗಳ. ಆದ್ದರಿಂದ ನನ್ನಿಂದಲೇ ಶುರು ಮಾಡುತ್ತೇನೆ. (ಬರೆಯುವವರೆಲ್ಲ ಸುತ್ತಿ ಬಳಸಿ ಕೊನೆಗೆ ಅಲ್ಲಿಗೇ ಬರುತ್ತಾರೆ. ನಾನು ಬಸ್ ಚಾರ್ಜು ಉಳಿಸಿದೆ.)

ನಾನು ಕಥೆಗಾರನಲ್ಲ. ಹಳೆಯ ಹಸ್ತಪ್ರತಿಗಳ ಗ್ರಂಥಾಲಯವೊಂದರಲ್ಲಿ ಸೂಚಿಕಾರ. ಅಂದರೆ ಕೈಬರಹದ ಪುಸ್ತಕಗಳನ್ನು ಒಂದೊಂದಾಗಿ ತೆರೆದು, ಯಾರು ಬರೆದದ್ದು, ಎಷ್ಟು ಹಾಳೆ, ಏನು ವಿಷಯ, ಹುಳು ಎಲ್ಲೆಲ್ಲಿ ತಿಂದಿದೆ ಎಂದು ಪಟ್ಟಿ ಮಾಡುವವನು. ಮೂವತ್ತೊಂದು ವರ್ಷದಿಂದ ಅರಬ್ಬಿ ಹಸ್ತಪ್ರತಿಗಳ ಮೇಜೇ ನನ್ನದು. ನಾನು ಬರೆದ ಪಟ್ಟಿಯನ್ನು ಪ್ರಪಂಚದಲ್ಲಿ ಹೆಚ್ಚೆಂದರೆ ನಲವತ್ತು ಜನ ಓದಿರಬಹುದು. ಆ ನಲವತ್ತರಲ್ಲಿ ಒಬ್ಬರು ಓದಿದ್ದರಿಂದ ಒಂದು ಮನೆಯ ಬಾಗಿಲು ಮುಚ್ಚಿತು. ಅದನ್ನು ತೆಗೆಸಬೇಕು, ಅದಕ್ಕಾಗಿಯೇ ಬರೆಯುತ್ತಿದ್ದೇನೆ.

೨. ಮೊದಲ ಕರಡು (ಕೈಬಿಟ್ಟದ್ದು)

'ಒಂದಾನೊಂದು ಗ್ರಂಥಾಲಯದಲ್ಲಿ ಒಬ್ಬ ಮುದಿ ಸೂಚಿಕಾರನಿದ್ದ. ಪಾಪ, ಅವನ ಕಣ್ಣು ಮಂಜಾಗಿತ್ತು. ಒಂದು ದಿನ ಅವನಿಂದ...'

ಇಷ್ಟಕ್ಕೇ ಬೀಗಿ ಗೋಂದಿನವಳಿಗೆ ತೋರಿಸಿದೆ. ಗೋಂದಿನವಳು ಎಂದರೆ ಪಕ್ಕದ ಕೋಣೆಯಲ್ಲಿ ಹರಿದ ಹಾಳೆಗಳಿಗೆ ತೇಪೆ ಹಾಕುವವಳು. ಅವಳಿಗಿಂತ ಮೊದಲು ಅವಳ ಗೋಂದಿನ ವಾಸನೆ ಬರುತ್ತದೆ, ವಾಸನೆಗಿಂತ ಮೊದಲು ಅವಳ ಬಾಯಿ.

"ಈ ಮುದುಕ ಯಾರು?"

"ಒಂದು ಪಾತ್ರ."

"ಆ ತಪ್ಪು ಮಾಡಿದಾಗ ನಿಮಗೆ ಮೂವತ್ನಾಲ್ಕು ವರ್ಷ. ಕಣ್ಣು ಹದ್ದಿನ ಥರ ಇತ್ತು. ಏನೂ ಮಾಡದ ಮುದುಕನ್ನ ಯಾಕೆ ಸಿಗಿಸ್ತಿದೀರಿ?"

ಕರಡು ಹರಿದು ಹಾಕಿದೆ. ಅವಳು ಆ ಚೂರುಗಳನ್ನೂ ಆಯ್ದಿಟ್ಟುಕೊಂಡಳು. ಅವಳಿಗೆ ಯಾವ ಕಾಗದವೂ ದಂಡವಲ್ಲ.

೩. ಎರಡನೆಯ ಕರಡು (ಇದೂ ಹೋಯಿತು)

'ಇಪ್ಪತ್ತಾರು ವರ್ಷಗಳ ಹಿಂದೆ ಪ್ರಕಟವಾದ ಸೂಚಿಯಲ್ಲಿ ಒಂದು ತಪ್ಪು ಸಂಭವಿಸಿತು.'

"ಸಂಭವಿಸ್ತಾ?" ಎಂದಳು ಗೋಂದಿನವಳು. "ಯಾರೂ ಇಲ್ಲದ ಮನೇಲಿ ಪಾತ್ರೆ ತಾನಾಗೇ ಬಿತ್ತಾ?"

ಸರಿ. ನಾನು ಬೀಳಿಸಿದೆ.

೪

ಈಗ ಕುದುರೆ ಬರಬಹುದು.

ಕ್ರಮಸಂಖ್ಯೆ ೪೧೭. ಕುದುರೆಗಳ ಕಾಯಿಲೆಗಳು ಮತ್ತು ಅವುಗಳ ಮದ್ದು ಎಂಬ ಅರಬ್ಬಿ ಗ್ರಂಥ. ಮುನ್ನೂರು ವರ್ಷ ಹಳೆಯದು, ಕಂದು ಚರ್ಮದ ಹೊದಿಕೆ, ನಡುವೆ ಹನ್ನೆರಡು ಗೊರಸಿನ ಚಿತ್ರಗಳು. ಮೊದಲ ಹಾಳೆಯ ನೆತ್ತಿಯಲ್ಲಿ, ಇಂಥ ಪುಸ್ತಕಗಳಲ್ಲಿ ಎಷ್ಟೋ ಕಡೆ ಕಾಣುವಂತೆ, ಹುಳುಗಳ ರಾಜನಿಗೊಂದು ಮೊರೆ ಇದೆ: 'ಓ ಕಬೀಕಜ್, ಈ ಕಾಗದವನ್ನು ಕಾಪಾಡು.' ಹುಳು ಊಟ ಶುರು ಮಾಡಿರುವುದು ಸರಿಯಾಗಿ ಆ ಸಾಲಿನಿಂದಲೇ.

ಗ್ರಂಥ ಮುಗಿದ ಮೇಲೆ ನಾಲ್ಕು ಖಾಲಿ ಹಾಳೆಗಳು ಉಳಿದಿದ್ದವು. ಅವು ಖಾಲಿ ಉಳಿಯಲಿಲ್ಲ. ಪುಸ್ತಕ ಕೈಯಿಂದ ಕೈಗೆ ಹೋದಂತೆ ಪ್ರತಿಯೊಬ್ಬ ಒಡೆಯನೂ ತನ್ನ ಮನೆಯ ಹುಟ್ಟು ಸಾವುಗಳನ್ನು ಅಲ್ಲಿ ಬರೆದುಕೊಂಡ: ಮಗ ಹುಟ್ಟಿದ, ಇಂಥ ದಿನ, ಇಂಥ ಜಾವ, ತಾಯಿ ತೀರಿಕೊಂಡಳು, ಅವಳಿ ಹುಟ್ಟಿದವು, ಒಂದು ಉಳಿಯಿತು. ಮನೆಯಲ್ಲಿ ಚಾಪೆ ಹರಿಯುತ್ತದೆ, ಕೊಡ ಒಡೆಯುತ್ತದೆ, ಪುಸ್ತಕವನ್ನು ಮಾತ್ರ ಯಾರೂ ಎಸೆಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಒಬ್ಬ ಹೊಸ ಒಡೆಯ ಹಳೆಯ ಒಡೆಯನ ಹೆಸರನ್ನು ಚಾಕುವಿನಿಂದ ಕೆರೆದು ಹಾಕಿದ್ದಾನೆ, ಆದರೆ ಅವನ ಮಕ್ಕಳ ಸಾಲುಗಳನ್ನು ಮುಟ್ಟಿಲ್ಲ. ಆ ಕೆರೆದವನ ಮೇಲೆ ನನಗೆ ಇವತ್ತಿಗೂ ಗೌರವ.

ಹೀಗೆ ಇಪ್ಪತ್ತಾರು ಸಾಲು. ಅವುಗಳ ಕೆಳಗೆ ಕೊನೆಯ ಒಡೆಯನ ಮೂರು ಸಾಲು. ಅವನೊಬ್ಬ ಗಡಿಯಾರ ರಿಪೇರಿಯವನು. ಜೀವಮಾನದಲ್ಲಿ ಕುದುರೆ ಏರಿದವನಲ್ಲ. ಪುಸ್ತಕ ಅಜ್ಜನಿಂದ ಬಂದಿತ್ತು, ಅಕ್ಷರ ಅಪ್ಪನಿಂದ. ಅವನು ಬರೆದದ್ದು ಇಷ್ಟು:

'ನನ್ನ ಮೊದಲ ಮಗಳು ಸೋಮವಾರದ ರಾತ್ರಿ ಹುಟ್ಟಿದಳು. ದೇವರು ಆಯುಷ್ಯ ಕೊಡಲಿ.'

ಐದು ವರ್ಷ ಬಿಟ್ಟು: 'ನನ್ನ ಮನೆಯವಳು ತಿಂಗಳ ಹನ್ನೊಂದು, ಶುಕ್ರವಾರ ನಡುಹಗಲು, ದೇವರ ಕರುಣೆಗೆ ಸಂದಳು.'

ಅದರ ಕೆಳಗೆ, ಅದೇ ಮಸಿಯಲ್ಲಿ: 'ನನ್ನ ಎರಡನೆಯ ಮಗಳು ಅದೇ ಹನ್ನೊಂದು, ಶುಕ್ರವಾರದ ರಾತ್ರಿ ಹುಟ್ಟಿದಳು. ದೇವರು ಆಯುಷ್ಯ ಕೊಡಲಿ.'

೫

ಇನ್ನು ನನ್ನ ಬುದ್ಧಿವಂತಿಕೆ. ಅಚ್ಚಾದ ಸೂಚಿ, ಪುಟ ೨೧೨, ಅಡಿಟಿಪ್ಪಣಿ:

'ಒಡೆಯ ಗಡಿಯಾರದ ಕಸುಬಿನವನಾದ್ದರಿಂದ ಹೊತ್ತಿನ ವಿಷಯದಲ್ಲಿ ತಪ್ಪಿರಲಾರ. ನಡುಹಗಲು ತೀರಿಕೊಂಡವಳು ರಾತ್ರಿ ಹೆರಲಾರಳು. ಆದ್ದರಿಂದ ಎರಡನೆಯ ಮಗು ಬೇರೆ ತಾಯಿಯದು.'

ಕೊನೆಯಲ್ಲಿ ಪೂರ್ಣವಿರಾಮ. ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದರೆ ಮಸಿ ಖರ್ಚಾಗುತ್ತಿತ್ತೇ? ಅವತ್ತು ಆ ಟಿಪ್ಪಣಿಯನ್ನು ಮೂರು ಸಲ ಓದಿಕೊಂಡು ಚಹಾ ಕುಡಿಯಲು ಹೋಗಿದ್ದೆ, ನನಗೆ ನೆನಪಿದೆ. ಭಾರಿ ಖುಷಿಯಲ್ಲಿದ್ದೆ.

(ತಪ್ಪು ಎಲ್ಲಿದೆ ಎಂದು ನೀವು ತಲೆ ಕೆರೆದುಕೊಳ್ಳಬೇಡಿ. ನನಗೆ ಇಪ್ಪತ್ತಾರು ವರ್ಷ ಹಿಡಿಯಿತು. ನಿಮಗೆ ಇನ್ನೊಂದು ಪುಟದಲ್ಲಿ ಹೇಳುತ್ತೇನೆ.)

ಪುಸ್ತಕ ದಾನ ಕೊಟ್ಟ ಮನೆಗಳಿಗೆ ಸೂಚಿಯ ಒಂದೊಂದು ಗೌರವ ಪ್ರತಿ ಕಳಿಸುವುದು ನಮ್ಮ ಪದ್ಧತಿ. ೪೧೭ನ್ನು ಕೊಟ್ಟಿದ್ದವಳು ಗಡಿಯಾರದವನ ಮೊದಲ ಮಗಳು. ಪ್ರತಿ ಅವಳಿಗೇ ಹೋಯಿತು.

೬

ಎರಡನೆಯ ಮಗಳು ಕಥೆಯೊಳಗೆ ಬಂದದ್ದು ಹೋದ ತಿಂಗಳು. ಎಪ್ಪತ್ತೆಂಟು ವರ್ಷ. ಟೈಲರ್. ಅಂಗಡಿ ಮುಚ್ಚಿ ವರ್ಷವಾದರೂ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಸೂಚಿಯ ಆ ಪುಟ ತೆರೆದು ನನ್ನ ಮೇಜಿನ ಮೇಲಿಟ್ಟಳು.

"ಇದು ಬರೆದೋರನ್ನ ನೋಡ್ಬೇಕು."

ನಾನು ಏನು ಹೇಳಿದೆ ಎಂಬುದಕ್ಕೆ ಎರಡು ಪಾಠಗಳಿವೆ. ಕರಡಿನಲ್ಲಿ ನಾನು ಎದ್ದು ನಿಂತು "ಬರೆದವನು ನಾನೇ, ಅಮ್ಮಾ" ಎನ್ನುತ್ತೇನೆ. ನಿಜದಲ್ಲಿ, "ಅವರು ಈಗ ಇಲ್ಲಿಲ್ಲ" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಎದೆಯ ಮೇಲಿನ ಗುರುತುಚೀಟಿಯನ್ನು ಕೈಯಿಂದ ಮುಚ್ಚಿಕೊಂಡೆ.

"ಇವತ್ತು ಇಲ್ಲದಿದ್ರೆ ನಾಳೆ ಬರ್ತೀನಿ," ಎಂದಳು. "ನಾಳೆ ಇಲ್ಲದಿದ್ರೆ ನಾಳಿದ್ದು. ನಂಗೀಗ ಅಂಗಡಿ ಇಲ್ಲ."

ನಾಳೆ ಬಂದಳು. ನಾಳಿದ್ದು ಬಂದಳು. ನಾಲ್ಕನೆಯ ದಿನ ಗೋಂದಿನವಳು ತನ್ನ ಕೋಣೆಯಿಂದಲೇ, "ಅಜ್ಜೀ, ಬರೆದೋರು ನಿಮ್ಮೆದುರೇ ಕೂತಿದಾರೆ" ಎಂದು ಕೂಗಿದಳು.

ಟೈಲರ್ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಬಟ್ಟೆ ಅಳೆಯುವವರು ನೋಡುವ ಹಾಗೆ. ಬೈಯಲಿಲ್ಲ. ಕುರ್ಚಿ ಎಳೆದು ಕೂತು ತನ್ನ ಕಥೆ ಹೇಳಿದಳು.

ಅಕ್ಕ ತಂಗಿ ಒಂದೇ ಕಟ್ಟಡದ ಮೂರನೆಯ ಮಹಡಿಯಲ್ಲಿ, ಎದುರುಬದುರು ಮನೆಯಲ್ಲಿದ್ದಾರೆ. ಮೊದಲು ಆ ಎರಡು ಬಾಗಿಲುಗಳಿಗೂ ಹಗಲೆಲ್ಲ ಚಿಲಕವೇ ಹಾಕುತ್ತಿರಲಿಲ್ಲ. ಸೂಚಿ ಬಂತು. ಅಕ್ಕ ಓದಿದಳು. ಅಮ್ಮ ತೀರಿಕೊಂಡ ದಿನವೇ ಅಪ್ಪನಿಗೆ ಇನ್ನೊಬ್ಬಳಿಂದ ಮಗುವಾಯಿತು ಅಂತ ಅಚ್ಚಾಗಿತ್ತು. ಅದು ಸುಳ್ಳೆನ್ನಲು ಅಷ್ಟರಲ್ಲಿ ಗೊತ್ತಿದ್ದವರೆಲ್ಲ ಹೋಗಿದ್ದರು, ಅಪ್ಪನೂ ಇರಲಿಲ್ಲ. ಅಮ್ಮ ಹೋದಾಗ ಅಕ್ಕನಿಗೆ ಐದು ವರ್ಷ, ಯಾರದೋ ಮನೆಗೆ ಕಳಿಸಿದ್ದರು, ವಾಪಸು ಬಂದಾಗ ಅಮ್ಮ ಇರಲಿಲ್ಲ, ತೊಟ್ಟಿಲು ಇತ್ತು. ಇಷ್ಟೇ ಅವಳ ನೆನಪು. ಸೂಚಿ ಓದಿದ ದಿನವೇ ಅಕ್ಕ ಬಾಗಿಲು ಹಾಕಿಕೊಂಡಳು.

"ಹೋದ ತಿಂಗಳು ಬಚ್ಚಲಲ್ಲಿ ಬಿದ್ಲು," ಎಂದಳು ಟೈಲರ್. "ಸದ್ದು ಕೇಳಿಸ್ತು. ಓಡಿ ಹೋಗಿ ಬಾಗಿಲು ಬಡಿದೆ. ಒಳಗಿಂದ ಏನಂದ್ಲು ಗೊತ್ತಾ? 'ಹೊರಗಿನವ್ರು ಬೇಡ, ವಾಚ್‌ಮನ್‌ನ ಕರೀರಿ' ಅಂದ್ಲು. ಕರೀರಿ ಅಂತ, ಬಹುವಚನ ಬೇರೆ. ಅವನು ಕೀಲಿ ತಂದ. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಅವಳಿಗೆ ಎಂಬತ್ತಮೂರು. ಇನ್ನೊಂದು ಸಲ ಬಿದ್ರೆ ನಾನು ಮೆಟ್ಟಿಲ ಮೇಲೆ ನಿಂತಿರಲ್ಲ. ಅಷ್ಟೇ. ಪುಸ್ತಕ ತೋರಿಸಿ."

೭

ಓದುವ ಕೋಣೆ. ದೊಡ್ಡ ಕಿಟಕಿ, ಹಸಿರು ಬಟ್ಟೆಯ ಮೇಜು, ಪೆನ್ನು ತರಬಾರದು ಎಂಬ ಫಲಕ. ೪೧೭ನ್ನು ಮೆತ್ತೆಯ ಮೇಲಿಟ್ಟು ಕೊನೆಯ ಹಾಳೆ ತೆರೆದೆ. ಆ ಅಕ್ಷರ ಅವಳಿಗೆ ಓದಲು ಬಾರದು. ಆದರೂ ಬೆರಳು ನೇರ ಅಪ್ಪನ ಸಾಲುಗಳ ಹತ್ತಿರ ಹೋಗಿ, ಮುಟ್ಟದೆ ನಿಂತಿತು.

"ಅಕ್ಕನ ಸಾಲಿಂದ ಓದಿ."

"'ನನ್ನ ಮೊದಲ ಮಗಳು ಸೋಮವಾರದ ರಾತ್ರಿ...'"

"ತಪ್ಪು."

"ಇಲ್ಲ, ಹಾಗೇ ಇದೆ. ಸೋಮವಾರದ ರಾತ್ರಿ."

"ಅಕ್ಕ ಹುಟ್ಟಿದ್ದು ಭಾನುವಾರ ರಾತ್ರಿ. ಅಪ್ಪನ ಅಂಗಡಿಗೆ ರಜೆ ಅವತ್ತು, ಮನೇಲೇ ಇದ್ರು. ಅದಕ್ಕೇ ಅವಳನ್ನ ತಾವು ಸಾಯೋವರೆಗೂ 'ರಜಾ' ಅಂತಾನೇ ಕರೆದ್ರು. ಇಡೀ ಬೀದಿಗೆ ಗೊತ್ತು."

ನನ್ನ ಕಿವಿ ಬಿಸಿಯಾಯಿತು. ಓದುಗರೇ, ಇಲ್ಲಿದೆ ನಿಮಗೆ ಕೊಡಬೇಕಾಗಿದ್ದ ಪುಟ.

ಈ ಪುಸ್ತಕಗಳಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಮೊದಲು ರಾತ್ರಿ, ಆಮೇಲೆ ಅದರ ಹಗಲು. ಆದ್ದರಿಂದ 'ಸೋಮವಾರದ ರಾತ್ರಿ' ಎಂದರೆ ನಾವು ಭಾನುವಾರ ರಾತ್ರಿ ಎನ್ನುವ ರಾತ್ರಿ. ಇದು ನಮ್ಮ ಕಸುಬಿನಲ್ಲಿ ಮೊದಲ ವಾರದ ಪಾಠ. ನನಗೆ ಗೊತ್ತಿತ್ತು. ಅದೇ ಹಾಳೆಗಳ ಹಿಂದಿನ ಇಪ್ಪತ್ತಾರು ಸಾಲುಗಳನ್ನು ಹಾಗೆಯೇ ಲೆಕ್ಕ ಹಾಕಿ ಸರಿಯಾಗಿ ಬರೆದಿದ್ದೇನೆ, ಬೇಕಾದರೆ ನೋಡಿ. ಗಡಿಯಾರದವನ ಹತ್ತಿರ ಬಂದಾಗ ಮಾತ್ರ, ಇವನು ಹೊಸ ಕಾಲದವನು, ಹನ್ನೆರಡು ಹೊಡೆದಾಗ ದಿನ ಬದಲಾಯಿಸುವವನು ಎಂದು ಜಾಣನಾದೆ. ಅವನು ಅಂಗಡಿಯಲ್ಲಿ ಊರಿನ ಗಡಿಯಾರಗಳನ್ನೆಲ್ಲ ಹನ್ನೆರಡಕ್ಕೆ ಹೊಂದಿಸಿ ಬಂದು, ಈ ಪುಸ್ತಕದ ಮುಂದೆ ಕೂತಾಗ ಅಜ್ಜ ಮುತ್ತಜ್ಜಂದಿರ ಲೆಕ್ಕದಲ್ಲೇ ಬರೆದಿದ್ದ. ಅತಿ ಬುದ್ಧಿಯವನಿಗೆ ಅದು ಹೊಳೆಯಲಿಲ್ಲ.

ಇದನ್ನೆಲ್ಲ ಹೇಳಿದೆ. ಟೈಲರ್ ಬೆರಳು ಮಡಿಚಿ ಎಣಿಸಿದಳು.

"ಹಾಗಾದ್ರೆ ಶುಕ್ರವಾರದ ರಾತ್ರಿ ಅಂದ್ರೆ, ಗುರುವಾರ ಕತ್ತಲಾದ ಮೇಲೆ."

"ಹೌದು."

"ನಾನು ಹುಟ್ಟಿದ್ದು ಮೊದಲು. ಅಮ್ಮ ಹೋಗಿದ್ದು ಮಾರನೇ ದಿನ ಮಧ್ಯಾಹ್ನ."

"ಹೌದು."

"ನಡುವೆ ಎಷ್ಟು ಹೊತ್ತು?"

"ಹೆಚ್ಚೆಂದರೆ ಹದಿನೆಂಟು ಗಂಟೆ. ಕಡಿಮೆ ಅಂದರೆ ಏಳೆಂಟು."

"ಅಷ್ಟು ಹೊತ್ತು ಅವಳ ಪಕ್ಕದಲ್ಲಿದ್ದೆ," ಎಂದಳು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಆದರೆ ಅಮ್ಮಾ, ಹಾಗಂದರೆ ನಿಮ್ಮ ಹೆರಿಗೆಯಿಂದಲೇ ಅವರು..."

"ಗೊತ್ರೀ. 'ತಾಯಿನ ತಿಂದ್ಕೊಂಡು ಹುಟ್ಟಿದೋಳು' ಅಂತ ಕೇಳ್ಕೊಂಡೇ ಬೆಳೆದೋಳು ನಾನು. ಐವತ್ತೆರಡು ವರ್ಷ ಅದನ್ನ ಹೊತ್ಕೊಂಡಿದ್ದೆ. ಭಾರ ಇತ್ತು, ಆದ್ರೆ ನನ್ನದು. ನೀವು ಅದನ್ನೂ ಕಿತ್ಕೊಂಡ್ರಿ. ನಿಮ್ಮ ಪುಟ ಬಂದ ಮೇಲೆ ನಂಗೆ ನಾನು ಕೊಂದ ತಾಯಿನೂ ಇಲ್ಲ, ಹೆತ್ತ ತಾಯಿನೂ ಇಲ್ಲ." ಟೇಪನ್ನು ಕೊರಳಿಂದ ತೆಗೆದು ಸುತ್ತಿಟ್ಟಳು. "ಏಳಿ. ಅಕ್ಕನ ಹತ್ರ ಹೋಗೋಣ."

ನನಗೆ ಅಷ್ಟು ನಾಚಿಕೆ ಇನ್ನಾವತ್ತೂ ಆಗಿಲ್ಲ.

೮

ಮೂರನೆಯ ಮಹಡಿ. ಲಿಫ್ಟ್ ಕೆಟ್ಟಿತ್ತು. (ಕರಡಿನಲ್ಲಿ ಲಿಫ್ಟ್ ಸರಿಯಿತ್ತು. ಟೈಲರ್ ಓದಿ, "ನನ್ನ ಮಂಡಿ ಸುಮ್ನೆ ನೋಯ್ತಾ?" ಎಂದು ಕೆಡಿಸಿದಳು.) ಅಕ್ಕ ಬಾಗಿಲು ತೆರೆದಳು, ಸರಪಳಿ ತೆಗೆಯಲಿಲ್ಲ. ನಾಲ್ಕು ಬೆರಳು ಅಗಲದ ಸಂದಿನಲ್ಲಿ ಒಂದು ಕಣ್ಣು, ಒಂದು ಊರುಗೋಲು.

"ಯಾರು?"

"ಪುಟ ಇನ್ನೂರ ಹನ್ನೆರಡನ್ನು ಬರೆದವನು. ತಪ್ಪು ಬರೆದವನು."

ಆ ಸಂದಿನಲ್ಲೇ ಎಲ್ಲವನ್ನೂ ಹೇಳಿದೆ. ಎರಡು ಸಲ. ಭಾನುವಾರ, ಸೋಮವಾರ, 'ರಜಾ' ಎಂಬ ಅಡ್ಡಹೆಸರು. ಆ ಹೆಸರು ಬಂದಾಗ ಸಂದಿನ ಕಣ್ಣು ಒಂದು ಕ್ಷಣ ಬೇರೆ ಕಡೆ ನೋಡಿತು.

"ಇಪ್ಪತ್ತಾರು ವರ್ಷ ಅಪ್ಪನ ಫೋಟೋನ ಗೋಡೆ ಕಡೆ ತಿರುಗಿಸಿಟ್ಟಿದೀನಿ," ಎಂದಳು ಅಕ್ಕ. "ಈಗ ಬಂದು ಒಂದು ರಾತ್ರಿ ಆಚೀಚೆ ಆಯ್ತು ಅಂತೀರಾ? ಬೀದಿಯವ್ರು ಬೇರೆ ಹೇಳ್ತಿದ್ರು, ಆದ್ರೆ ನೀವು ಅಚ್ಚು ಹಾಕ್ಸಿದ್ರಿ, ನಾನು ಅಚ್ಚನ್ನ ನಂಬಿದೆ. ಈಗ ಬಾಯಲ್ಲಿ ಹೇಳಿದ್ರೆ? ನಾಳೆ ಇವಳೇ ಕರ್ಕೊಂಡು ಬಂದು ಹೇಳ್ಸಿದ್ಲು ಅಂತಾರೆ. ನಾಲ್ಕು ಜನ ಓದೋ ಹಾಗೆ ಅಚ್ಚಲ್ಲಿ ತಗೊಂಬನ್ನಿ. ನಿಮ್ಮ ತಪ್ಪು ಅಂತ ನೀವೇ ಬರೆದಿರ್ಬೇಕು. ಚೀಟಿಗೀಟಿ ಬೇಡ."

"ಅಕ್ಕಾ," ಎಂದಳು ಟೈಲರ್.

ಬಾಗಿಲು ಮುಚ್ಚತೊಡಗಿತ್ತು, ನಿಂತಿತು.

"ಕುಂಟ್ತಿದೀಯಲ್ಲೇ. ಏನಾಯ್ತು ಕಾಲಿಗೆ?"

"ಮಂಡಿ."

"ಹ್ಞೂಂ," ಎಂದಳು ಅಕ್ಕ. ಬಾಗಿಲು ಮುಚ್ಚಿತು. ತಂಗಿ ಆ ಬಾಗಿಲನ್ನೇ ನೋಡುತ್ತ, "ಏಕವಚನ" ಎಂದಳು.

೯

ನಮ್ಮ ಮುಖ್ಯಸ್ಥರ ಕೋಣೆಗೆ ಹೋದೆ. "ಮುಂದಿನ ಆವೃತ್ತಿಯಲ್ಲಿ ನೋಡೋಣ" ಎಂದರು. ಯಾವಾಗ ಎಂದೆ. ಮೊದಲ ಆವೃತ್ತಿಯದೇ ಇನ್ನೂರು ಪ್ರತಿ ಗೋದಾಮಿನಲ್ಲಿವೆ ಎಂದರು. ವಿದ್ವಾಂಸರ ಪತ್ರಿಕೆಯೊಂದಕ್ಕೆ ಬರೆದೆ. ಒಂದು ರಾತ್ರಿಯ ವ್ಯತ್ಯಾಸಕ್ಕೆ ಲೇಖನವೇ ಎಂದು ಕೇಳಿ, ಸಮಿತಿಯ ಮುಂದಿಡುತ್ತೇವೆ ಎಂದರು. ಸಮಿತಿ ವರ್ಷಕ್ಕೊಮ್ಮೆ ಕೂರುತ್ತದಂತೆ. ಅಕ್ಕನಿಗೆ ಎಂಬತ್ತಮೂರು.

"ಕಥೆ ಬರೀರಿ," ಎಂದಳು ಗೋಂದಿನವಳು. "ಕಥೆ ಅಂದ್ರೆ ಯಾರಾದ್ರೂ ಅಚ್ಚು ಹಾಕ್ತಾರೆ. ನಿಜ ಅಂದ್ರೆ ತಾನೇ ಸಮಿತಿ ಕೂರ್ಬೇಕಾಗಿರೋದು?"

ಹೀಗೆ, ಓದುಗರೇ, ನೀವು ಸಿಕ್ಕಿಬಿದ್ದಿರಿ. ಕಥೆ ಎಂದು ನಂಬಿ ಇಲ್ಲಿಯವರೆಗೆ ಬಂದಿರಿ. ಅಕ್ಕ ಕೇಳಿದ ನಾಲ್ಕು ಜನರಲ್ಲಿ ನೀವೊಬ್ಬರು. ಇನ್ನು ಮೂವರು ಸಾಕು.

೧೦. ಕೊನೆಗಳು

ಕಥೆ ಎಂದ ಮೇಲೆ ಕೊನೆ ಬೇಕು ಎಂದು ಗೋಂದಿನವಳು ಹಟ ಹಿಡಿದಳು. ಬರೆದೆ.

(ಅ) ಅಕ್ಕ ಅಚ್ಚಾದ ಪುಟ ಓದುತ್ತಾಳೆ. ಕಣ್ಣೀರು ಧಾರೆಯಾಗಿ ಇಳಿಯುತ್ತದೆ. ಸರಪಳಿ ಕಳಚುತ್ತದೆ. ಅಕ್ಕ ತಂಗಿ ಅಪ್ಪಿಕೊಳ್ಳುತ್ತಾರೆ.

ಟೈಲರ್ ಓದಿ ಕನ್ನಡಕ ತೆಗೆದಳು. "ನಮ್ಮಕ್ಕ ಅಳೋಳಲ್ಲ. ಅಪ್ಪ ಹೋದಾಗ್ಲೂ ಅಳ್ಲಿಲ್ಲ, ಅಡುಗೆಮನೆ ಪೂರ್ತಿ ತೊಳೆದ್ಲು. ಬದಲಾಯಿಸಿ."

(ಆ) ಅಚ್ಚಾಗಿ ಬರುವಷ್ಟರಲ್ಲಿ ಅಕ್ಕ ತೀರಿಕೊಂಡಿದ್ದಾಳೆ. ತಂಗಿ ಮುಚ್ಚಿದ ಬಾಗಿಲ ಕೆಳಗೆ ಪುಟವನ್ನು ತೂರಿಸುತ್ತಾಳೆ.

"ಅಕ್ಕನ್ನ ಸಾಯಿಸಿದ್ರೆ ನಿಮ್ಮ ಕೈ ಮುರೀತೀನಿ," ಎಂದಳು. ತಮಾಷೆಯೆಂದು ನಕ್ಕೆ. ಅವಳು ನಗಲಿಲ್ಲ.

(ಇ) ಎಂದು ಬರೆದು ಎರಡು ದಿನ ಕೂತೆ. ಆಗ ಹೊಳೆಯಿತು, ನಾನು ಯಾವ ಕೊನೆಯನ್ನೂ ಬರೆಯುವಂತಿಲ್ಲ. ಅಚ್ಚಾದ ಮೇಲೆ ತಾನೇ ಅಕ್ಕ ಬಾಗಿಲು ತೆಗೆಯಬೇಕಾಗಿರುವುದು? ಅಚ್ಚಾಗಬೇಕಾದರೆ ಬರೆದು ಮುಗಿಸಬೇಕು. ಅಂದ ಮೇಲೆ ಬಾಗಿಲು ತೆರೆದದ್ದು ಇದರಲ್ಲಿ ಬರಲು ಸಾಧ್ಯವೇ ಇಲ್ಲ. ಹೇಗಾದರೂ ಬರೆದರೆ ಅದು ಇನ್ನೊಂದು ಪುಟ ೨೧೨ ಆಗುತ್ತದೆ: ಗೊತ್ತಿಲ್ಲದ ಕಡೆ ಪೂರ್ಣವಿರಾಮ. ಒಂದು ಸಲ ಇಟ್ಟದ್ದು ಸಾಕು.

ಗೋಂದಿನವಳು ಇದಕ್ಕೆ ಮಾತ್ರ ಎದುರು ಆಡಲಿಲ್ಲ. ಗೋದಾಮಿನ ಇನ್ನೂರು ಪ್ರತಿಗಳನ್ನು ಒಂದೊಂದಾಗಿ ತನ್ನ ಕೋಣೆಗೆ ಸಾಗಿಸುತ್ತಿದ್ದಾಳೆ. ಈ ಕಥೆ ಅಚ್ಚಾದ ಕೂಡಲೇ ಮುಂದಿನ ಪ್ಯಾರಾವನ್ನು ಕತ್ತರಿಸಿ ಎಲ್ಲದರ ಪುಟ ೨೧೨ಕ್ಕೂ ಅಂಟಿಸುತ್ತಾಳಂತೆ. ಅನುಮತಿ ಕೇಳಿದೆಯಾ ಎಂದೆ. "ಗೋಂದು ಒಣಗಿದ ಮೇಲೆ ಕೇಳ್ತೀನಿ," ಎಂದಳು.

೧೧. ಅಂಟಿಸಬೇಕಾದ ಪ್ಯಾರಾ

ಕ್ರಮಸಂಖ್ಯೆ ೪೧೭, ಪುಟ ೨೧೨, ಅಡಿಟಿಪ್ಪಣಿ ತಪ್ಪು. ತಪ್ಪು ನನ್ನದು, ಮತ್ತಾರದೂ ಅಲ್ಲ. ಗಡಿಯಾರದವನ ಎರಡನೆಯ ಮಗಳು ಗುರುವಾರ ಸೂರ್ಯ ಮುಳುಗಿದ ಮೇಲಿನ ರಾತ್ರಿ ಹುಟ್ಟಿದಳು. ಅವಳ ತಾಯಿ ಮರುದಿನ, ಶುಕ್ರವಾರ ನಡುಹಗಲು, ತೀರಿಕೊಂಡಳು. ತಂದೆ ಮೊದಲು ಹೆಂಡತಿಯ ಸಾಲು ಬರೆದ, ಆಮೇಲೆ ಮಗಳದು, ಒಂದೇ ಮಸಿಯಲ್ಲಿ. ಇಬ್ಬರು ಹೆಣ್ಣುಮಕ್ಕಳಿಗೂ ತಾಯಿ ಒಬ್ಬಳೇ. ಇಬ್ಬರ ಸಾಲಿನ ಕೊನೆಯಲ್ಲೂ ಅವನು ಬರೆದದ್ದು ಒಂದೇ ಮಾತು: ದೇವರು ಆಯುಷ್ಯ ಕೊಡಲಿ.

೧೨

ಆ ಸಾಲುಗಳ ಕೆಳಗೆ ಮೂರು ಬೆರಳಿನಷ್ಟು ಜಾಗ ಇನ್ನೂ ಖಾಲಿ ಇದೆ. ಟೈಲರ್ ಅದನ್ನು ಟೇಪಿನಿಂದ ಅಳೆದು ನೋಡಿದ್ದಾಳೆ. ಅಲ್ಲಿ ಏನು ಬರೆಯಬೇಕು ಎಂದು ಕೇಳಿದೆ. "ಏನೂ ಬೇಡ, ಇಬ್ಬರೂ ಇದೀವಲ್ಲ ಇನ್ನೂ," ಎಂದಳು.

ಅಚ್ಚಾದ ಪ್ರತಿ ಬಂದ ದಿನ ನಾನೇ ತೆಗೆದುಕೊಂಡು ಹೋಗುತ್ತೇನೆ. ಲಿಫ್ಟ್ ಕೆಟ್ಟಿದ್ದರೂ ಸರಿ. ಅವತ್ತು ಬಾಗಿಲು ತೆಗೆಯದಿದ್ದರೆ ಮಾರನೇ ದಿನ ಹೋಗುತ್ತೇನೆ, ಅದರ ಮಾರನೇ ದಿನವೂ. ಇದನ್ನು ನಾನು ಕಲಿತದ್ದು ನಿಮ್ಮ ತಂಗಿಯಿಂದ.

ನಿಮ್ಮ ತಂಗಿ ಎಂದದ್ದು ಬಾಯಿತಪ್ಪಿ ಅಲ್ಲ. ಉಳಿದ ಓದುಗರು ಇನ್ನು ಏಳಬಹುದು; ಇದು ನಿಮ್ಮೊಬ್ಬರಿಗೆ, ಅಕ್ಕಾ. ಕೇಳಿದ ಹಾಗೆ ಅಚ್ಚಲ್ಲಿ ತಂದಿದ್ದೇನೆ. ಆಚೆ ಮೆಟ್ಟಿಲ ಮೇಲೆ ನಿಂತಿದ್ದಾಳೆ, ಮಂಡಿ ನೋಯುತ್ತಿದೆ. ಸರಪಳಿ ಇರುವುದು ನಿಮ್ಮ ಕಡೆ